ಬುಡದ ಎಲೆ ಕೀಳುವ ಕೆಲಸ

ಮದುವೆಯಾಗಿ ಮದರಾಸಿಗೆ ಬಂದ ಮರುದಿನವೇ ಅತ್ತೆ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಎಲೆ ಕೀಳುವುದನ್ನು ಕಲಿಸಿದರು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಊರಿಗೆ ಚೆನ್ನೈ ಎಂಬ ಹೆಸರು ಬಂದು ಸ್ವಲ್ಪ ಕಾಲವಾಗಿದ್ದರೂ ತುಮಕೂರಿನ ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. ಟಿ. ನಗರದ ಸೀರೆ ಅಂಗಡಿಗಳ ಗದ್ದಲದಿಂದ ಎರಡು ತಿರುವು ಒಳಗೆ ಹೋದರೆ ನನ್ನ ಗಂಡನ ಮನೆ. ಹಳೆಯ ಕಾಲದ ಬಾಡಿಗೆ ಮನೆ, ಮುಂದೆ ಉದ್ದನೆಯ ಜಗಲಿ, ಅದರ ಕೆಳಗೆ ಸಿಮೆಂಟಿನ ಅಂಗಳ. ಅಂಗಳದ ತುಂಬ ಕುಂಡಗಳು. ಅತ್ತೆ ಕುಂಡವನ್ನು ತಮಿಳರ ಹಾಗೆ ತೊಟ್ಟಿ ಎನ್ನುತ್ತಿದ್ದರು. ಅರವತ್ತಕ್ಕೂ ಹೆಚ್ಚು ತೊಟ್ಟಿಗಳಿದ್ದವು. ಹೂವಿನ ಗಿಡ ಒಂದೂ ಇಲ್ಲ. ಎಲ್ಲ ಬಣ್ಣದ ಎಲೆಯ ಕ್ರೋಟನ್, ಅಗಲ ಎಲೆಯ ಡೈಫನ್‌ಬೇಕಿಯಾ, ಡ್ರಸೀನಾ.

"ಮೇಲಕ್ಕೆ ಎಳೀಬಾರ್ದು, ಕೆಳಕ್ಕೂ ಎಳೀಬಾರ್ದು. ಎಲೆ ತೊಟ್ಟಿನ ಬುಡ ಹಿಡಿದು ಪಕ್ಕಕ್ಕೆ ಒಂದು ತಿರುವು. ಟಪ್ ಅಂತ ಬರ್ಬೇಕು. ತೊಗಟೆ ಹರಿದ್ರೆ ಗಿಡ ಅಲ್ಲಿಂದ್ಲೇ ಕೊಳೀತದೆ. ಪುರೀತಾ?"

ಪುರೀತಾ ಎಂದರೆ ಗೊತ್ತಾಯಿತಾ ಎಂದು. ಅತ್ತೆ ಆ ಊರಿಗೆ ಬಂದು ನಲವತ್ತು ವರ್ಷವಾಗಿತ್ತು. ರೈಲ್ವೆಯಲ್ಲಿದ್ದ ಮಾವನವರು ನನ್ನ ಮದುವೆಗೆ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಅವರ ಒಬ್ಬನೇ ಮಗ, ಮತ್ತೆ ನಾನು. ಗಂಡ ಬೆಳಿಗ್ಗೆ ಎಂಟಕ್ಕೆ ಗಿಂಡಿಯ ಬ್ಯಾಂಕ್ ಶಾಖೆಗೆ ಹೊರಟರೆ ಉಳಿಯುವವರು ನಾವಿಬ್ಬರೇ.

ನಮ್ಮ ಬಡಾವಣೆಯ ಮಹಿಳಾ ಸಂಘದವರು ವರ್ಷಕ್ಕೊಮ್ಮೆ, ಚಳಿ ಕಳೆಯುವ ಹೊತ್ತಿಗೆ, ಒಂದು ಶಾಲೆಯ ಮೈದಾನದಲ್ಲಿ ಗಿಡಗಳ ಪ್ರದರ್ಶನ ಇಡುತ್ತಿದ್ದರು. ಎಲೆಗಿಡದ ವಿಭಾಗದಲ್ಲಿ ಮೊದಲ ಬಹುಮಾನ ವರ್ಷವರ್ಷವೂ ಅತ್ತೆಗೇ. ಕಪ್ಪುಗಳು ದೇವರ ಮನೆಯ ಪಕ್ಕದ ಗಾಜಿನ ಬೀರುವಿನಲ್ಲಿದ್ದವು. ಒಳ್ಳೆಯ ಕ್ರೋಟನ್ ಹೇಗಿರಬೇಕೆಂದು ಅವರು ನನಗೆ ಹೇಳಿಕೊಟ್ಟಿದ್ದರು: ತುದಿಯಿಂದ ಹಿಡಿದು ಬುಡದ ತನಕ ಎಲೆ ಇರಬೇಕು, ಕೊನೆಯ ಸುತ್ತು ಎಲೆ ಕುಂಡದ ಅಂಚನ್ನು ಮುಟ್ಟಬೇಕು, ಕಾಂಡ ಕಾಣಬಾರದು. ಬುಡದಲ್ಲಿ ಹಳದಿಗೆ ತಿರುಗಿದ ಎಲೆಯನ್ನು ಅವತ್ತೇ ತೆಗೆಯಬೇಕು, ಆದರೆ ಹಸಿರಾಗಿರುವುದನ್ನು ಅಪ್ಪಿತಪ್ಪಿಯೂ ಮುಟ್ಟಬಾರದು. ಹೋದ ಎಲೆಯ ಜಾಗದಲ್ಲಿ ಮತ್ತೆ ಎಲೆ ಬರುವುದಿಲ್ಲ.

ಬೆಳಗಿನ ಕಾಫಿ ಎಲೆ ಕಿತ್ತು ಮುಗಿಸಿದ ಮೇಲೆಯೇ. ನಾನು ಅರವತ್ತು ಕುಂಡಗಳ ಮುಂದೆ ಒಂದೊಂದಾಗಿ ಕುಕ್ಕರುಗಾಲಲ್ಲಿ ಕುಳಿತು ಏಳುತ್ತಿದ್ದೆ. ಕ್ರೋಟನ್ನಿನ ಹಾಲು ತಾಗಿ ನನ್ನ ಎಲ್ಲ ಸೀರೆಗಳ ಸೆರಗಿನಲ್ಲೂ ಕಂದು ಕಲೆ. ಡೈಫನ್‌ಬೇಕಿಯಾದ ರಸಕ್ಕೆ ಬೆರಳಸಂದಿ ಕೆಂಪಾಗಿ ತುರಿಸುತ್ತಿತ್ತು. ನಾನು ಮುಗಿಸಿದ ಮೇಲೆ ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಸುತ್ತು ಬರುತ್ತಿದ್ದರು. ಏನಾದರೂ ಬಿಟ್ಟುಹೋಗಿದ್ದರೆ ಆಗ ಹೇಳುತ್ತಿರಲಿಲ್ಲ. ಅದನ್ನು ತಾವೇ ಕಿತ್ತು ಇಟ್ಟುಕೊಂಡು, ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ತಟ್ಟೆಯ ಪಕ್ಕದಲ್ಲಿ ನೆಲದ ಮೇಲೆ ಇಡುತ್ತಿದ್ದರು.

"ಇದು ನಿಂದು."

ಮಣ್ಣು ಮೆತ್ತಿದ ಆ ಹಳದಿ ಎಲೆಯನ್ನು ನೋಡಿಕೊಂಡೇ ನಾನು ಊಟ ಮುಗಿಸಬೇಕು. ಎತ್ತಿ ಆಚೆ ಇಟ್ಟರೆ ಮತ್ತೆ ಅಲ್ಲಿಗೇ ಇಡುತ್ತಿದ್ದರು. ಗಂಡನಿಗೆ ಹೇಳಿದಾಗ ಅವರು ನಕ್ಕರು. "ಎಲೆ ತಾನೇ, ಇನ್ನೊಂದು ಸ್ವಲ್ಪ ನೋಡಿ ಕಿತ್ರಾಯ್ತು" ಎಂದರು.

ಮೊದಲ ವರ್ಷ ನನ್ನ ಅಪ್ಪ ನನ್ನನ್ನು ನೋಡಲು ಬಂದರು. ಅವರು ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಒಂದು ಚೀಲ ಹುಣಸೆಹಣ್ಣು ಹೊತ್ತುಕೊಂಡು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದಿದ್ದರು. ಅವತ್ತು ಭಾನುವಾರ, ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಅತ್ತೆ ಸಾರು ಬಡಿಸಿದರು, ಪಲ್ಯ ಬಡಿಸಿದರು, ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ಎಲೆ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು.

ಅಪ್ಪ ನನ್ನನ್ನು ಕೇಳಿದರು, "ಇದೇನಮ್ಮ?"

ಉತ್ತರ ಕೊಟ್ಟವರು ಅತ್ತೆ. "ನಿಮ್ಮ ಮಗಳು ಮಾಡಿರೋ ಕೆಲ್ಸ. ಎದುರಿಗೇ ಇದ್ರೂ ಕಾಣಲ್ಲ. ಪಾವಂ, ಪಾಪ, ಮನೇಲಿ ಏನೂ ಕಲಿಸಿಲ್ಲ ಅಂತ ಕಾಣುತ್ತೆ."

ನನ್ನ ಗಂಡ ತಲೆ ತಗ್ಗಿಸಿ ಮಜ್ಜಿಗೆ ಅನ್ನ ಕಲೆಸುತ್ತಿದ್ದರು. ಅಪ್ಪ ಊಟ ಮುಗಿಸಿ ಕೈ ತೊಳೆದುಕೊಂಡು, ಪಂಚೆ ಎತ್ತಿ ಕಟ್ಟಿ, ಅಂಗಳಕ್ಕಿಳಿದು ಕುಂಡಗಳ ಮುಂದೆ ಕುಳಿತರು. ಅರವತ್ತನಾಲ್ಕು ವರ್ಷದ ಮನುಷ್ಯ ಬಿಸಿಲಲ್ಲಿ ಹಳದಿ ಎಲೆ ಹುಡುಕಿ ಹುಡುಕಿ ಕೀಳತೊಡಗಿದರು. ಅತ್ತೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕುಳಿತು ನೋಡಿದರು. ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ಮೂಲೇಲಿರೋದ್ನೂ ನೋಡಿ" ಎಂದರು. ಅಪ್ಪ ಆ ಮೂಲೆಗೂ ಹೋದರು. ಸಂಜೆ ಹೊರಟಾಗ ಗೇಟಿನ ಹತ್ತಿರ ನನ್ನ ತಲೆ ಮುಟ್ಟಿ, "ಗಿಡ ಚೆನ್ನಾಗಿಟ್ಟಿದ್ದಾರೆ ಕಣಮ್ಮ" ಎಂದರು, ಅಷ್ಟೇ. ಮತ್ತೆ ಆ ಮನೆಗೆ ಅವರು ಬರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನೀರಿಗೆ ಬಹಳ ಕಷ್ಟವಾಯಿತು. ಬೀದಿಗೆ ಎರಡು ದಿನಕ್ಕೊಮ್ಮೆ ನೀರಿನ ಲಾರಿ ಬರುತ್ತಿತ್ತು. ನಾನು ಪ್ಲಾಸ್ಟಿಕ್ ಕೊಡ ಹಿಡಿದು ಸಾಲಿನಲ್ಲಿ ನಿಂತು ತಂದ ಸಿಹಿನೀರು ಗಿಡಗಳಿಗೆ ಹೋಗುತ್ತಿತ್ತು. ಬೋರಿನ ಉಪ್ಪುನೀರು ಹಾಕಿದರೆ ಎಲೆಯ ಅಂಚು ಸುಡುತ್ತದಲ್ಲ! ಆ ಉಪ್ಪುನೀರು ನನ್ನ ಸ್ನಾನಕ್ಕೆ. ಆಗ ನಾನು ಬಸುರಿ. ಮೂರನೆಯ ತಿಂಗಳಲ್ಲಿ, ಒಂದು ಬೆಳಿಗ್ಗೆ ಕುಂಡಗಳ ನಡುವೆ ಕುಳಿತಿದ್ದಾಗಲೇ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕುಳಿತು ಏಳುವುದರಿಂದ ಹೀಗಾಗುವುದಿಲ್ಲ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ನನಗೆ ಎರಡು ಸಲ ಹೇಳಿದರು. ನಾನು ನಂಬಲಿಲ್ಲ. ನಂಬಿದ್ದರೆ ಅತ್ತೆಯನ್ನು ದ್ವೇಷಿಸಲು ಒಂದು ಕಾರಣ ಕಡಿಮೆಯಾಗುತ್ತಿತ್ತು.

ಐದು ದಿನದ ನಂತರ ಮನೆಗೆ ಬಂದೆ. ಆಟೋದಿಂದ ಇಳಿದು ಗೇಟು ಹಿಡಿದುಕೊಂಡು ನಿಂತಿದ್ದೆ. ಅತ್ತೆ ಜಗಲಿಯಿಂದ ಇಳಿದು ಬಂದರು. ಬಂದು ನನ್ನ ಕೈ ಹಿಡಿಯುತ್ತಾರೇನೋ ಎಂದುಕೊಂಡೆ.

"ನೋಡು, ಐದು ದಿನಕ್ಕೆ ಹೇಗಾಗಿದೆ. ನಾಳೆಯಿಂದ ಶುರು ಮಾಡ್ಬೋದು ತಾನೇ?"

ಮರುದಿನವೇ ಶುರು ಮಾಡಿದೆ.

ಮೂರನೆಯ ವರ್ಷ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು. ಬಲಗಣ್ಣಿಗೆ ಆಪರೇಷನ್ ಮಾಡಿ ಹೊಲಿಗೆ ಹಾಕಿದರು. ಆರು ವಾರ ಕಳೆದ ಮೇಲೆ ಕನ್ನಡಕದ ನಂಬರು ಕೊಡುತ್ತೇವೆ, ಅಲ್ಲಿಯವರೆಗೆ ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಮಣ್ಣು ಮುಟ್ಟಿದ ಕೈ ಕಣ್ಣಿನ ಹತ್ತಿರ ಹೋಗಬಾರದು ಎಂದರು. ಎಡಗಣ್ಣು ಮೊದಲೇ ಮಂಜು. ಹಾಗಾಗಿ ಅಷ್ಟು ದಿನ ಅತ್ತೆಗೆ ಬೆಳಕು, ನೆರಳು, ಬಣ್ಣದ ಮುದ್ದೆಗಳು ಇಷ್ಟೇ ಕಾಣುತ್ತಿದ್ದವು. ಪ್ರದರ್ಶನಕ್ಕೆ ಐದು ವಾರ ಇತ್ತು.

ಕಪ್ಪು ಕನ್ನಡಕ ಹಾಕಿಕೊಂಡು ಅವರು ಬೆಳಿಗ್ಗೆ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು. ಪ್ರದರ್ಶನಕ್ಕೆಂದು ಆರಿಸಿಟ್ಟ ಆರು ಕುಂಡಗಳನ್ನು ಅವರ ಕಾಲ ಹತ್ತಿರವೇ ಸಾಲಾಗಿ ಇಟ್ಟಿದ್ದೆ. ಅದರಲ್ಲಿ ಒಂದು, ಕೆಂಪು ಹಳದಿ ಬೆರೆತ, ಸುರುಳಿ ಎಲೆಯ ಕ್ರೋಟನ್. ಮಾವನವರು ಗಿಂಡಿಯ ಹತ್ತಿರದ ಯಾವುದೋ ನರ್ಸರಿಯಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದದ್ದು. ಅತ್ತೆ ಗಂಡನ ಬಗ್ಗೆ ನನ್ನೆದುರು ಮಾತಾಡಿದ್ದು ಆ ಗಿಡದ ವಿಷಯ ಬಂದಾಗ ಮಾತ್ರ.

ಮೊದಲ ಎರಡು ವಾರ ನಾನು ಸರಿಯಾಗಿಯೇ ಕೆಲಸ ಮಾಡಿದೆ. ಯಾವ ದಿನ ಬದಲಾಯಿಸಿದೆ ಎಂದು ನೆನಪಿದೆ, ಯಾಕೆ ಅವತ್ತೇ ಎಂದು ಗೊತ್ತಿಲ್ಲ. ವಿಶೇಷವೇನೂ ನಡೆದಿರಲಿಲ್ಲ. ಸುರುಳಿ ಕ್ರೋಟನ್ನಿನ ಬುಡದಲ್ಲಿ ಹಳದಿ ಎಲೆ ಒಂದಿತ್ತು, ಕಿತ್ತೆ. ಪಕ್ಕದ್ದು ಕೆಂಪಾಗಿ, ಹೊಳೆಯುತ್ತ, ಗಟ್ಟಿಯಾಗಿತ್ತು. ಅದನ್ನೂ ಕಿತ್ತೆ. ಟಪ್ ಎಂದಿತು.

"ಎಷ್ಟಾಯ್ತು?" ಅತ್ತೆ ತಲೆ ಎತ್ತದೆ ಕೇಳಿದರು.

"ಎರಡು, ಅತ್ತೆ. ಎರಡೂ ಹಳದಿ."

"ಶರಿ. ಮುಂದಿನದು ನೋಡು."

ಆಮೇಲೆ ದಿನವೂ ಆರೂ ಗಿಡಗಳಿಂದ ತಲಾ ನಾಲ್ಕು, ಐದು. ಬುಡದಿಂದ ಮೇಲಕ್ಕೆ, ಒಂದೊಂದೇ ಸುತ್ತು. ಅವರ ಕಿವಿ ಚುರುಕು, ಆದ್ದರಿಂದ ಶಬ್ದ ಬಾರದಂತೆ ಹೆಬ್ಬೆರಳು ಒತ್ತಿ ತಿರುವುವುದನ್ನು ಕಲಿತೆ. ಕಿತ್ತ ಎಲೆಗಳನ್ನು ಮಡಿಲಲ್ಲಿ ಹಾಕಿಕೊಂಡು ಹೋಗಿ ಬೀದಿಯ ಕಸದ ತೊಟ್ಟಿಗೆ ಸುರಿಯುತ್ತಿದ್ದೆ. ಕೈತೊಳೆದು ಬಂದು ಅವರ ಕಣ್ಣಿಗೆ ಔಷಧಿ ಹಾಕುತ್ತಿದ್ದೆ. ರೆಪ್ಪೆ ಎತ್ತಿ ಹನಿ ಬಿಡುವಾಗ ಅವರು ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಆ ದಿನಗಳಲ್ಲಿ ನನಗೆ ಚೆನ್ನಾಗಿ ಹಸಿವಾಗುತ್ತಿತ್ತು, ಒಳ್ಳೆಯ ನಿದ್ದೆ ಬರುತ್ತಿತ್ತು. ಇದನ್ನು ಬರೆಯುವಾಗ ಮುಚ್ಚಿಡಬಾರದು.

"ಕೆಳಗಡೆ ಸುತ್ತು ತೊಟ್ಟಿಗೆ ಮುಟ್ಟುತ್ತಾ?" ಎಂದು ಅವರು ಕೇಳುತ್ತಿದ್ದರು.

"ಮುಟ್ಟುತ್ತೆ ಅತ್ತೆ."

"ಕಾಂಡ ಕಾಣುತ್ತಾ?"

"ಎಲ್ಲಿ ಕಾಣುತ್ತೆ, ತುಂಬಿಕೊಂಡಿದೆ."

ಒಮ್ಮೆ ಅವರೇ ಮುಟ್ಟಿ ನೋಡುತ್ತೇನೆ ಎಂದು ಕೈ ಚಾಚಿದರು. ಬಗ್ಗಬಾರದು ಅಂತ ಡಾಕ್ಟರ್ ಹೇಳಿಲ್ವಾ ಎಂದು ನಾನು ಗದರಿ, ಕುಂಡವನ್ನೇ ಎತ್ತಿ ಸ್ಟೂಲಿನ ಮೇಲಿಟ್ಟು ಅವರ ಕೈಗೆ ತುದಿಯ ಎಲೆಗಳನ್ನು ಕೊಟ್ಟೆ. ತುದಿಯಲ್ಲಿ ಒಂದು ಗೊಂಚಲು ಬಿಟ್ಟಿದ್ದೆ. ಅವರು ಆ ಸುರುಳಿಗಳಲ್ಲಿ ಬೆರಳಾಡಿಸಿ, "ಈ ಸಲ ರೊಂಬ ಚೆನ್ನಾಗಿ ಬಂದಿದೆ" ಎಂದರು.

ಗಂಡ ಒಂದು ದಿನ ಗಮನಿಸಿದರು. "ಏನಿದು, ಗಿಡ ಬೋಳಾಗಿದೆ?" ಎಂದರು. "ಬೋರ್ ನೀರು" ಎಂದೆ. ಅವರು ಒಳಗೆ ಹೋಗಿ ಕ್ರಿಕೆಟ್ ಹಾಕಿಕೊಂಡರು.

ಪ್ರದರ್ಶನದ ದಿನ ಬೆಳಿಗ್ಗೆ ಆರು ಕುಂಡಗಳು ಮೂರು ಚಕ್ರದ ಸೈಕಲ್ ಗಾಡಿಯಲ್ಲಿ ಮೈದಾನಕ್ಕೆ ಹೋದವು. ಹಿಂದೆ ನಾವು ಆಟೋದಲ್ಲಿ. ಅತ್ತೆ ಅರಿಶಿನ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು, ಕಪ್ಪು ಕನ್ನಡಕ ಇತ್ತು. ದಾರಿಯುದ್ದಕ್ಕೂ ನನಗೆ ಅವಕಾಶವಿತ್ತು. ಮೈಗೆ ಹುಷಾರಿಲ್ಲ ಎನ್ನಬಹುದಿತ್ತು, ಗಿಡಕ್ಕೆ ರೋಗ ಬಂದಿದೆ ಎನ್ನಬಹುದಿತ್ತು. ನಾನು ಅವರ ಸೆರಗು ಸರಿಮಾಡಿ, ಮಡಿಕೆ ಹೊಂದಿಸಿ ಸುಮ್ಮನೆ ಕುಳಿತೆ.

ಶಾಮಿಯಾನದ ಕೆಳಗೆ, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಮೇಲೆ, ನಮ್ಮ ಆರು ಗಿಡಗಳು ಮೊಳದುದ್ದದ ಬರಿ ಕಡ್ಡಿಗಳ ಹಾಗೆ ನಿಂತಿದ್ದವು, ನೆತ್ತಿಯ ಮೇಲೆ ಮಾತ್ರ ಒಂದೊಂದು ಜುಟ್ಟು. ಅಕ್ಕಪಕ್ಕದ ಗಿಡಗಳು ಬುಡದ ತನಕ ತುಂಬಿಕೊಂಡಿದ್ದವು. ಅತ್ತೆ ತಮ್ಮ ಗಿಡಗಳ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು. ನೋಡುತ್ತ ಬಂದವರು ನಮ್ಮ ಹತ್ತಿರ ಬಂದೊಡನೆ ಮಾತು ನಿಲ್ಲಿಸಿ ಮುಂದೆ ಹೋಗುತ್ತಿದ್ದರು. ಆ ಮೌನವನ್ನು ಅವರು ಮೆಚ್ಚುಗೆ ಎಂದುಕೊಂಡರು. ಪ್ರತಿಯೊಬ್ಬರಿಗೂ ತಲೆ ಬಾಗಿಸಿ ನಗುತ್ತಿದ್ದರು. ನಾನು ಅದನ್ನು ನೋಡುತ್ತ ನಿಂತೆ.

ಆಮೇಲೆ ನಮ್ಮ ಎದುರುಮನೆಯ ತಮಿಳು ಹೆಂಗಸು ಬಂದರು. ವರ್ಷವೂ ಎರಡನೇ ಬಹುಮಾನ ಅವರಿಗೆ. ಅವರು ಮೇಜನ್ನು ಈ ತುದಿಯಿಂದ ಆ ತುದಿಗೆ ನೋಡಿ ಜೋರಾಗಿಯೇ ಕೇಳಿದರು:

"ಎನ್ನ ಮಾಮಿ, ಇದು ಚೆಡಿಯಾ, ತೊಡಪ್ಪಮಾ?"

ಇದು ಗಿಡವೋ ಪೊರಕೆಯೋ ಎಂದು. ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು.

ಅತ್ತೆಯ ಮುಖದಲ್ಲಿ ನಗು ಹಾಗೇ ಇತ್ತು. ಅವರು ಸುರುಳಿ ಕ್ರೋಟನ್ನಿನ ಜುಟ್ಟಿಗೆ ಕೈ ಹಾಕಿದರು. ಅಲ್ಲಿಂದ ಬೆರಳನ್ನು ಕೆಳಕ್ಕೆ ಇಳಿಸಿದರು. ಕಾಂಡ. ಇನ್ನೂ ಕೆಳಕ್ಕೆ. ಕಾಂಡವೇ. ಬಗ್ಗಬಾರದು ಎಂದು ಹೇಳಿದ್ದರೂ ಬಗ್ಗಿದರು. ಎಲೆ ಕಿತ್ತ ಒಂದೊಂದು ಗುರುತಿನ ಮೇಲೂ ಹೆಬ್ಬೆರಳನ್ನು ನಿಲ್ಲಿಸಿ, ಸವರಿ, ಮಣ್ಣಿನ ತನಕ ಹೋದರು. ಆಮೇಲೆ ಎರಡನೆಯ ಗಿಡ. ಮೂರನೆಯದು. ಆರನ್ನೂ ಮುಟ್ಟಿ ನೋಡಿದ ಮೇಲೆಯೇ ನೆಟ್ಟಗಾದದ್ದು. ಬೆರಳತುದಿಗೆ ಮಣ್ಣು ಮೆತ್ತಿತ್ತು.

"ನಾನ್ ತಾನ್ ಸೊನ್ನೇನ್," ಎಂದರು ಎದುರುಮನೆಯವರಿಗೆ. ನಾನೇ ಹೇಳಿದ್ದು ಎಂದು. ಮಿಕ್ಕದ್ದನ್ನೂ ತಮಿಳಲ್ಲೇ ಹೇಳಿದರು: "ಎಲೆಗೆ ಚುಕ್ಕೆ ರೋಗ ಬಂದಿತ್ತು. ಎಲ್ಲಾ ತೆಗೆದುಬಿಡು ಅಂತ ನಾನೇ ಇವಳಿಗೆ ಹೇಳ್ದೆ."

ತೀರ್ಪುಗಾರರು ನಮ್ಮ ಮುಂದೆ ನಿಲ್ಲದೆ ಹೋದರು. ಗಾಡಿಯವನು ಸಂಜೆಗೇ ಬರುವುದು. ಅಲ್ಲಿಯವರೆಗೆ ನಾವಿಬ್ಬರೂ ಮೈದಾನದ ಅಂಚಿನ ಕಲ್ಲುಬೆಂಚಿನಲ್ಲಿ ಕುಳಿತಿದ್ದೆವು. ಧ್ವನಿವರ್ಧಕದಲ್ಲಿ ಬಹುಮಾನದ ಹೆಸರುಗಳನ್ನು ಕೂಗಿದರು. ಅತ್ತೆ ನೀರು ಕೇಳಲಿಲ್ಲ, ನಾನು ಕೊಡಲಿಲ್ಲ. ಹೊರಡುವಾಗ ಮೆಟ್ಟಿಲು ಇಳಿಯಬೇಕಿತ್ತು, ಅವರು ನನ್ನ ಕೈ ಹಿಡಿದುಕೊಂಡರು. ಬಂದಾಗ, ಮೆಟ್ಟಿಲು ಅತ್ತೆ, ಇನ್ನೊಂದು ಅತ್ತೆ ಎಂದು ಹೇಳಿ ಹತ್ತಿಸಿದ್ದೆ. ಈಗ ಹೇಳಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಅವರ ಕಾಲು ಗಾಳಿಯಲ್ಲಿ ಹೋಗಿ ಮುಗ್ಗರಿಸಿದರು. ಬೀಳಲಿಲ್ಲ. ನನ್ನ ಕೈಯನ್ನು ಬಿಡಲೂ ಇಲ್ಲ. ಹಿಡಿಯಲು ಬೇರೆ ಏನಿತ್ತು?

ಮನೆಗೆ ಬಂದು ಬೆತ್ತದ ಕುರ್ಚಿಯಲ್ಲಿ ಕುಳಿತ ಮೇಲೆ ಕೇಳಿದರು, "ಒಂದೇ ದಿನ ಕಿತ್ತಿದ್ದಲ್ಲ, ಅಲ್ವಾ?"

"ಅಲ್ಲ."

"ಎಷ್ಟು ದಿನ?"

"ಇಪ್ಪತ್ತು ದಿನ ಇರ್ಬೋದು."

"ದಿನಾ ನನ್ನ ಮುಂದೇನೇ ಕೂತ್ಕೊಂಡು?"

"ಹೂಂ."

ಅವರು ಬೆರಳಿನ ಮಣ್ಣನ್ನು ರೇಷ್ಮೆ ಸೀರೆಗೆ ಒರೆಸಿಕೊಂಡರು. "ಚೆನ್ನಾಗಿ ಕಿತ್ತಿದೀಯ. ಒಂದು ಕಡೇನೂ ತೊಗಟೆ ಹರಿದಿಲ್ಲ."

ಆ ಮನೆಯಲ್ಲಿ ನನ್ನ ಕೆಲಸವನ್ನು ಅವರು ಹೊಗಳಿದ್ದು ಅದೊಂದೇ ಸಲ. ನಾನು ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನೀರು ಸುರಿದುಕೊಂಡೆ. ಹೊರಗೆ ಬಂದಾಗ ಗಂಡ ಬ್ಯಾಂಕಿನಿಂದ ಬಂದಿದ್ದರು, ಅಮ್ಮನ ಪಕ್ಕ ಕುಳಿತು ಕಾಫಿ ಕುಡಿಯುತ್ತಿದ್ದರು. "ಈ ಸಲ ಪ್ರೈಜ್ ಬರಲಿಲ್ವಂತೆ" ಎಂದರು. ಹೂಂ ಎಂದೆ.

ಅವತ್ತಿನಿಂದ ನನಗೆ ಭಯ ಶುರುವಾಯಿತು. ಕೋಪ ಇದ್ದಷ್ಟು ದಿನ ಕಾಣದ ಭಯ. ಅತ್ತೆ ಮಗನಿಗೆ ಹೇಳುತ್ತಾರೆ, ಇವತ್ತಲ್ಲದಿದ್ದರೆ ನಾಳೆ. ಕಣ್ಣು ಕಾಣದ ಅಮ್ಮನ ಎದುರು ಕುಳಿತು ಮೂರು ವಾರ ಸುಳ್ಳು ಹೇಳಿದ ಹೆಂಡತಿಯನ್ನು ಯಾರು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ? ತಾಯಿ ಮಗ ಮೆಲ್ಲಗೆ ಮಾತಾಡುತ್ತಿದ್ದರೆ ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಗಂಡ ಬ್ಯಾಂಕಿನಿಂದ ಹತ್ತು ನಿಮಿಷ ತಡವಾಗಿ ಬಂದರೂ, ಗೇಟಿನ ಹತ್ತಿರ ಮುಖ ಗಂಟಿಕ್ಕಿಕೊಂಡು ನಿಂತರೂ, ಇದೇ ಇರಬೇಕು ಎಂದುಕೊಳ್ಳುತ್ತಿದ್ದೆ. ಅತ್ತೆಗೆ ಕನ್ನಡಕ ಬಂದ ದಿನ ಅವರು ಗಿಡಗಳನ್ನು ನೋಡಲಿಲ್ಲ. ನನ್ನ ಮುಖವನ್ನು ಹತ್ತಿರದಿಂದ ತುಂಬ ಹೊತ್ತು ನೋಡಿದರು. ಆಮೇಲೆ, "ಇನ್ಮೇಲೆ ನೀನು ತೊಟ್ಟಿ ಹತ್ರ ಬರ್ಬೇಡ" ಎಂದರು. ಅರವತ್ತು ಕುಂಡಗಳ ಎಲೆಯನ್ನೂ ತಾವೇ ಕೀಳತೊಡಗಿದರು. ಬೋಳಾದ ಆರನ್ನು ಗೇಣೆತ್ತರಕ್ಕೆ ಕತ್ತರಿಸಿದರು. ಬೇಸಿಗೆಯ ಹೊತ್ತಿಗೆ ಪಕ್ಕದಿಂದ ಚಿಗುರಿದವು.

ಮುಂದೆ ಮಗಳು ಹುಟ್ಟಿದಳು. ಮನೆಯ ಒಡೆಯರು ಆ ಮನೆ ಕೆಡವಿ ಫ್ಲ್ಯಾಟು ಕಟ್ಟುತ್ತೇವೆಂದಾಗ ನಾವು ವೇಲಚೇರಿಗೆ ಹೋದೆವು. ಎರಡನೆಯ ಮಹಡಿ, ನಾಲ್ಕೇ ಕುಂಡ ಹಿಡಿಯುವ ಬಾಲ್ಕನಿ. ಉಳಿದ ಗಿಡಗಳನ್ನು ಅತ್ತೆ ಹಂಚಿದರು. ಸುರುಳಿ ಕ್ರೋಟನ್ನನ್ನು ನನ್ನ ಕಣ್ಣೆದುರಿಗೇ ಎದುರುಮನೆಯ ಆ ಹೆಂಗಸಿಗೆ ಕೊಟ್ಟರು. "ಇವಳ ಹತ್ರ ಇದ್ರೆ ಬದುಕುತ್ತೆ" ಎಂದು ಕನ್ನಡದಲ್ಲಿ, ನನಗೆ ಮಾತ್ರ ಅರ್ಥವಾಗುವ ಹಾಗೆ ಹೇಳಿದರು.

ಹೊಸ ಮನೆಯಲ್ಲೂ ನನ್ನ ಭಯ ಹೋಗಲಿಲ್ಲ. ಮಳೆಗಾಲದಲ್ಲಿ ಬೀದಿಯಲ್ಲಿ ಸೊಂಟದವರೆಗೆ ನೀರು ನಿಂತು, ಮೂರು ದಿನ ಮೂವರೂ ದೊಡ್ಡವರು ಒಂದೇ ಕೋಣೆಯಲ್ಲಿ ಕಳೆದಾಗ, ಈಗ ಹೇಳುತ್ತಾರೆ ಎಂದು ನಾನು ಮೂರು ದಿನವೂ ಕಾದೆ. ಅವರು ಹೇಳಲಿಲ್ಲ. ಕೊನೆಗೆ ಪಾರ್ಶ್ವವಾಯು ಹೊಡೆದು, ಹನ್ನೊಂದು ದಿನ ಮಾತಿಲ್ಲದೆ ಮಲಗಿ ತೀರಿಕೊಂಡರು. ಆ ಹನ್ನೊಂದು ದಿನ ಅವರ ಮೈ ಒರೆಸಿ, ಬಟ್ಟೆ ಬದಲಾಯಿಸಿದವಳು ನಾನು. ಇನ್ನು ಇವರು ಹೇಳಲಾರರು ಎಂದು ಸಮಾಧಾನವಾಯಿತು. ಹಾಗೆ ಅನ್ನಿಸಿದ್ದೂ ನಿಜ.

ವರ್ಷಾಬ್ದಿಕ ಮುಗಿದ ಮೇಲೆ ಒಂದು ಭಾನುವಾರ ಗಂಡನಿಗೆ ನಾನೇ ಹೇಳಿದೆ. ಅವರು ಬಾಲ್ಕನಿಯಲ್ಲಿ ಪತ್ರಿಕೆ ಓದುತ್ತಿದ್ದರು. ಎಲ್ಲವನ್ನೂ, ಒಳ್ಳೆಯ ಎಲೆ ಕಿತ್ತದ್ದರಿಂದ ಮೆಟ್ಟಿಲಿನವರೆಗೆ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಗೊತ್ತು," ಎಂದರು.

"ಏನು ಗೊತ್ತು?"

"ಅಮ್ಮ ಆವತ್ತೇ ಹೇಳಿದ್ಲು. ನೀನು ಸ್ನಾನಕ್ಕೆ ಹೋಗಿದ್ಯಲ್ಲ, ಆಗ."

"ಮತ್ತೆ ಇಷ್ಟು ವರ್ಷ ನೀವು ಒಂದು ಮಾತೂ ಕೇಳಲಿಲ್ಲ?"

"ಕೇಳ್ಬೇಡ ಅಂದ್ಲು. 'ನಾನು ನಿಂಗೆ ಯಾವತ್ತು ಹೇಳ್ತೀನೋ ಅಂತ ಅವಳು ಕಾಯ್ತಾ ಇರ್ಲಿ' ಅಂದ್ಲು."

ನಾನು ಕೇಳಿದೆ, "ನಾನು ಕಾಯ್ತಾ ಇದ್ದದ್ದು ನಿಮಗೆ ಕಾಣ್ತಾ ಇತ್ತಾ?"

"ಕಾಣ್ತಾ ಇತ್ತು," ಎಂದು ಅವರು ಹಾಳೆ ತಿರುವಿದರು. ಒಳಗೆ ಕುಕ್ಕರು ಮೂರನೆಯ ಸೀಟಿ ಹೊಡೆಯಿತು. ನಾನು ಹೋಗಿ ಒಲೆ ಆರಿಸಿದೆ.